ತಾಯಿಗೆ ಕಳುಹಿಸುವ ಹಣ ಮತ್ತು ಎಡಪಕ್ಷಗಳ ಮೌನ

ಕ್ಯೂಬಾದ ಮೇಲೆ 1962ರಿಂದ ಅಮೆರಿಕವು ಹೇರಿಕೊಂಡು ಬಂದಿರುವ ಆರ್ಥಿಕ ದಿಗ್ಬಂಧನವು ಅನ್ಯಾಯವೆಂಬ ವಿಷಯದಲ್ಲಿ ನಮಗೆ ಎರಡು ಮಾತಿಲ್ಲ. ಅದನ್ನು ನಮ್ಮ ದೇಶದ ಎಡಪಕ್ಷಗಳು ಖಂಡಿಸುತ್ತಾ ಬಂದಿರುವುದು ಮೆಚ್ಚತಕ್ಕ ಸಂಗತಿಯೇ. ಸೋವಿಯತ್ ಒಕ್ಕೂಟ ಕುಸಿದು ಕ್ಯೂಬಾ ಹಸಿವಿನ ಅಂಚಿಗೆ ಬಂದಾಗ, 1992ರಲ್ಲಿ, ಸಿಪಿಎಂ ನಾಯಕ ಹರ್‌ಕಿಶನ್ ಸಿಂಗ್ ಸುರ್ಜಿತ್‌ರ ಮುಂದಾಳತ್ವದಲ್ಲಿ ಗೋಧಿ ಸಂಗ್ರಹಿಸಿ ಹಡಗಿನಲ್ಲಿ ಕಳುಹಿಸಲಾಗಿತ್ತು. ಆದರೆ ಮಿಯಾಮಿಯಲ್ಲಿ ದುಡಿಯುವ ಮಗನೊಬ್ಬ ಹವಾನಾದಲ್ಲಿರುವ ತಾಯಿಗೆ ಕಳುಹಿಸುವ ಹಣದ ಪ್ರಶ್ನೆ ಬಂದಾಗ ಈ ಪಕ್ಷಗಳ ದೃಷ್ಟಿ ಒಂದೇ ಕಡೆಗೆ ಹರಿಯುವುದೇಕೆ?

ಅಮೆರಿಕದ ಕ್ರೌರ್ಯವನ್ನು ಮೊದಲು ಹೇಳಿಬಿಡೋಣ. 2004ರಲ್ಲಿ ಬುಷ್ ಸರಕಾರವು ‘ಕುಟುಂಬ’ ಎಂಬ ಪದಕ್ಕೇ ಹೊಸ ಅರ್ಥ ನೀಡಿತು. ಹೆತ್ತವರು, ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಒಡಹುಟ್ಟಿದವರು, ಪತಿ-ಪತ್ನಿ, ಅಷ್ಟೇ. ಚಿಕ್ಕಪ್ಪ, ಸೋದರತ್ತೆ, ಅವರ ಮಕ್ಕಳೆಲ್ಲ ಪರಕೀಯರಾದರು. (ಕೆಲವರನ್ನು ಸಾಕಿ ಬೆಳೆಸುವವಳು ಚಿಕ್ಕಮ್ಮನೇ ಆಗಿರುತ್ತಾಳೆ ಎಂಬುದನ್ನು ವಾಷಿಂಗ್ಟನ್ನಿನ ಗುಮಾಸ್ತರಿಗೆ ಯಾರು ತಿಳಿಸಬೇಕು!) ಮೂರು ತಿಂಗಳಿಗೆ 300 ಡಾಲರ್‌ಗಿಂತ ಹೆಚ್ಚು ಕಳುಹಿಸುವಂತಿಲ್ಲ, ಮೂರು ವರ್ಷಕ್ಕೊಮ್ಮೆ ಮಾತ್ರ ಊರಿಗೆ ಹೋಗಬಹುದು. 2009ರಲ್ಲಿ ಒಬಾಮ ಈ ಮಿತಿಯನ್ನು ತೆಗೆದರು. 2019ರಲ್ಲಿ ಟ್ರಂಪ್ 1,000 ಡಾಲರ್‌ನ ಮಿತಿ ಹಾಕಿದರು.

ಇನ್ನು ಕ್ಯೂಬಾದ ಕಮ್ಯುನಿಸ್ಟ್ ಪಕ್ಷ. ದೇಶ ಬಿಟ್ಟವರನ್ನು ಅದು ‘ಗುಸಾನೊ’, ಅಂದರೆ ಹುಳು ಎಂದು ಕರೆಯಿತು. ಪಕ್ಷದಲ್ಲಿ ಇರಬಯಸುವವನು ಹೊರದೇಶದಲ್ಲಿರುವ ಅಣ್ಣನಿಗೆ ಪತ್ರ ಬರೆಯಲೂ ಅಂಜಬೇಕಿತ್ತು. ಕಿಸೆಯಲ್ಲಿ ಡಾಲರ್ ಸಿಕ್ಕರೆ ಸೆರೆವಾಸ. ಖಜಾನೆ ಬರಿದಾದಾಗ, 1993ರಲ್ಲಿ, ಅದೇ ಡಾಲರ್ ಕಾನೂನುಬದ್ಧವಾಯಿತು. ಹುಳುವಿನ ಹಣ ಹಲಾಲ್ ಆಯಿತೆನ್ನೋಣವೇ? ಆ ಹಣ ಹೀರಲು ಸರಕಾರ ತೆರೆದ ಅಂಗಡಿಗಳ ಹೆಸರೇ ‘ವಿದೇಶಿ ವಿನಿಮಯ ವಸೂಲಿ ಅಂಗಡಿ’! ಎಣ್ಣೆ, ಸಾಬೂನುಗಳಿಗೆ ಅಲ್ಲಿ ಖರೀದಿ ಬೆಲೆಯ ಎರಡು ಪಟ್ಟಿಗೂ ಮೀರಿದ ದರ. 2004ರ ನವೆಂಬರ್‌ನಲ್ಲಿ ನಗದು ಡಾಲರ್ ಬದಲಾಯಿಸುವವರ ಮೇಲೆ ಶೇ. 10ರ ಕಡಿತವೂ ಬಂತು; ಅದನ್ನು ತೆಗೆದದ್ದು 2020ರಲ್ಲಿ.

ಹೊರದೇಶದಲ್ಲಿ ಯಾರೂ ಇಲ್ಲದ ಬಡವನಿಗೂ ಪಾಲು ಸಿಗಬೇಕಲ್ಲ ಎಂದು ಪಕ್ಷದ ಸಮರ್ಥಕರು ಹೇಳುತ್ತಾರೆ. ಈ ವಾದದಲ್ಲಿ ತಥ್ಯವಿದೆ, ನಾವು ತಳ್ಳಿಹಾಕುವುದಿಲ್ಲ. ಹಾಗಾದರೆ ಅದನ್ನು ತೆರಿಗೆ ಎಂದೇ ಕರೆದು, ಲೆಕ್ಕ ಕೊಡಲಿ. ಹಣ ಬರುವ ಬಾಗಿಲ ಕೀಲಿಕೈಯನ್ನು ಸೇನೆಯ ಒಡೆತನದ ಕಂಪೆನಿಯ ಕೈಗೆ ಕೊಡುವ ಅಗತ್ಯವೇನಿತ್ತು? 2020ರಲ್ಲಿ ನಡೆದದ್ದನ್ನು ನೋಡಿ. ಹಣ ವಿತರಿಸುತ್ತಿದ್ದ ಫಿನ್ಸಿಮೆಕ್ಸ್ ಸೇನೆಗೆ ಸೇರಿದ್ದೆಂದು ಅಮೆರಿಕ ಅದನ್ನು ನಿರ್ಬಂಧಿತರ ಪಟ್ಟಿಗೆ ಸೇರಿಸಿತು. ಬೇರೊಂದು ನಾಗರಿಕ ಸಂಸ್ಥೆಗೆ ಆ ಕೆಲಸ ಒಪ್ಪಿಸಲು ಹವಾನಾ ಆಗ ಮುಂದಾಗಲಿಲ್ಲ. ನವೆಂಬರ್‌ನಲ್ಲಿ ವೆಸ್ಟರ್ನ್ ಯೂನಿಯನ್ನಿನ 407 ಕೇಂದ್ರಗಳೂ ಮುಚ್ಚಿದವು. ಅದು ಕೊರೋನಾದ ವರ್ಷ, ಔಷಧವಿಲ್ಲದ ವರ್ಷ. ಎರಡೂ ಸರಕಾರಗಳು ತಮ್ಮ ಹಟ ಗೆದ್ದವು. ಸೋತದ್ದು ಸಾಲಿನಲ್ಲಿ ನಿಂತಿದ್ದ ಮುದುಕಿ.

ಈ ನೋವು ನಮಗೆ ಅಪರಿಚಿತವಲ್ಲ. ಭಟ್ಕಳ, ಮಂಗಳೂರಿನ ಎಷ್ಟು ಮನೆಗಳ ಒಲೆ ಉರಿದದ್ದು ಕೊಲ್ಲಿಯಿಂದ ಬಂದ ಡ್ರಾಫ್ಟ್‌ನಿಂದಲ್ಲವೇ? ನೆರೆಯ ಕೇರಳದಲ್ಲಂತೂ 1996ರಲ್ಲಿ, ಎಡರಂಗ ಸರಕಾರವಿದ್ದಾಗಲೇ, ಅನಿವಾಸಿ ಕೇರಳೀಯರಿಗಾಗಿ ಪ್ರತ್ಯೇಕ ಇಲಾಖೆ ಹುಟ್ಟಿತು. ದುಬೈಯಿಂದ ಹಣ ಕಳುಹಿಸುವವನನ್ನು ಅಲ್ಲಿ ಯಾವ ಸಂಗಾತಿಯೂ ಹುಳು ಎನ್ನಲಿಲ್ಲ. ಮಲಪ್ಪುರಂನ ಮಗನಿಗೆ ಸಲ್ಲುವ ಮರ್ಯಾದೆ ಹವಾನಾದ ಮಗನಿಗೇಕೆ ಸಲ್ಲಬಾರದು? ಅವನ ಪರವಾಗಿ ಎಡಪಕ್ಷಗಳು ಕ್ಯೂಬಾದ ಸರಕಾರಕ್ಕೆ ಹೇಳಿದ ಒಂದು ಮಾತೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

2023ರಲ್ಲಿ ಆರಂಭವಾದ ಸೇವೆ 2025ರಲ್ಲಿ ಅಮೆರಿಕದ ಹೊಸ ನಿರ್ಬಂಧದಿಂದಾಗಿ ಮತ್ತೆ ನಿಂತಿತು. ಹೀಗೆ ಬಾಗಿಲು ಮುಚ್ಚಿದಾಗಲೆಲ್ಲ ಹಣ ಪ್ರಯಾಣಿಕರ ಚೀಲಗಳಲ್ಲಿ, ದಲ್ಲಾಳಿಗಳ ಕೈಯಲ್ಲಿ ಸಾಗುತ್ತದೆ. ಎಡಪಕ್ಷಗಳ ಮುಂದಿನ ಮಹಾಧಿವೇಶನದಲ್ಲಿ ದಿಗ್ಬಂಧನ ವಿರೋಧಿ ಠರಾವು ಮಂಡನೆಯಾದಾಗ, ಮಗ ಕಳುಹಿಸಿದ ಹಣ ತಾಯಿಯ ಕೈಗೆ ಇಡಿಯಾಗಿ ತಲುಪಬೇಕೆಂಬ ಒಂದೇ ಒಂದು ವಾಕ್ಯವನ್ನು, ವಾಷಿಂಗ್ಟನ್ ಮತ್ತು ಹವಾನಾ ಎರಡನ್ನೂ ಹೆಸರಿಸಿ, ಅದರಲ್ಲಿ ಸೇರಿಸಲಿ.