ನೋವು ತಗ್ಗಿದ ಮಾತ್ರಕ್ಕೆ ಅಪಾಯ ಕಳೆಯದು

ಸೈಕಲ್ಲಿನ ಟ್ಯೂಬು ಒಂದೆಡೆ ಸವೆದು ತೆಳುವಾದರೆ ಗಾಳಿಯ ಒತ್ತಡಕ್ಕೆ ಆ ಭಾಗವಷ್ಟೇ ಉಬ್ಬಿಕೊಳ್ಳುತ್ತದೆ. ಅಪಧಮನಿಯ ಭಿತ್ತಿ ದುರ್ಬಲವಾದಾಗಲೂ ಹೀಗೆಯೇ ಆಗುತ್ತದೆ. ಈ ಉಬ್ಬಿಗೆ ವೈದ್ಯರು ಅನ್ಯೂರಿಸಂ ಎನ್ನುತ್ತಾರೆ. ಹೊಟ್ಟೆಯೊಳಗಿನ ಅಂಗಗಳಿಗೆ ರಕ್ತ ಒದಗಿಸುವ ನಾಳಗಳಲ್ಲಿ ಇದು ವಿರಳ. ಉಂಟಾದರೆ ಹೆಚ್ಚಾಗಿ ಗುಲ್ಮದ ಅಪಧಮನಿಯಲ್ಲಿ. ಪುರುಷರಿಗಿಂತ ಸ್ತ್ರೀಯರಲ್ಲಿ, ಅದರಲ್ಲೂ ಹಲವು ಹೆರಿಗೆಗಳಾದವರಲ್ಲಿ, ಇದು ಹೆಚ್ಚು.

1770ರಲ್ಲಿ ಬೋಸಿಯೆ ಎಂಬವರು ಇದನ್ನು ಮೊದಲು ವರ್ಣಿಸಿದಾಗ ಅದು ಕಂಡದ್ದು ಮೃತದೇಹದಲ್ಲಿ. ಇಂದು ಬೇರಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ, ಒಡೆಯುವ ಮೊದಲೇ ಕಾಣಸಿಗುತ್ತದೆ. ಅದುವರೆಗೆ ಅದು ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಟ್ಟಿರುವುದಿಲ್ಲ.

ಒಡೆದಾಗ ಹೊಟ್ಟೆಯ ಮೇಲ್ಭಾಗದಲ್ಲಿ, ಹೆಚ್ಚಾಗಿ ಎಡಗಡೆ, ಹಠಾತ್ತನೆ ತೀವ್ರ ನೋವು ಕಾಣಿಸುತ್ತದೆ, ಎಡಹೆಗಲಿಗೂ ಹಬ್ಬಬಹುದು, ರೋಗಿ ಬವಳಿ ಬಂದು ಬೀಳಬಹುದು. ಕೆಲವರಲ್ಲಿ ಹೊರಬಂದ ರಕ್ತವು ಮೊದಲು ಜಠರದ ಹಿಂದಿರುವ ಕಿರಿದಾದ ಎಡೆಯಲ್ಲಿ ತಡೆದು ನಿಲ್ಲುತ್ತದೆ. ಆಗ ನೋವು ತಗ್ಗುತ್ತದೆ, ರೋಗಿ ಎದ್ದು ಕೂರುತ್ತಾಳೆ, ವಾಯುವಿರಬೇಕೆಂದು ಮನೆಯವರು ಸಮಾಧಾನಪಡುತ್ತಾರೆ. ಅನಂತರ ಆ ತಡೆಯೂ ಮುರಿದು ರಕ್ತವು ಉದರವನ್ನೆಲ್ಲ ತುಂಬುತ್ತದೆ. ನಡುವಿನ ಬಿಡುವು ಗುಣವಾದುದರ ಲಕ್ಷಣವಲ್ಲ. ಆಸ್ಪತ್ರೆಗೆ ಧಾವಿಸಲು ದೊರೆತ ಕಾಲಾವಕಾಶ.

ಗರ್ಭಿಣಿಯರಲ್ಲಿ ಅಪಾಯ ಇನ್ನೂ ಹೆಚ್ಚು, ವಿಶೇಷವಾಗಿ ಕೊನೆಯ ಮೂರು ತಿಂಗಳಲ್ಲಿ. ಗರ್ಭಕೋಶದ ತೊಂದರೆಯೆಂದೇ ಭಾವಿಸಿದರೆ ಅಮೂಲ್ಯ ಸಮಯ ಕಳೆದು ತಾಯಿ ಮತ್ತು ಮಗು ಇಬ್ಬರನ್ನೂ ಕಳೆದುಕೊಳ್ಳುವ ಸಂಭವವಿದೆ.

ಉಬ್ಬಿನ ಗಾತ್ರ ಹಾಗೂ ಸ್ಥಾನವನ್ನು ಸಿ.ಟಿ. ಆಂಜಿಯೋಗ್ರಫಿ ಸ್ಪಷ್ಟಪಡಿಸುತ್ತದೆ. ಗುಲ್ಮದ ಅಪಧಮನಿಯ ಉಬ್ಬು 3 ಸೆಂಟಿಮೀಟರಿಗಿಂತ ಚಿಕ್ಕದಿದ್ದು ಬೆಳೆಯದಿದ್ದರೆ, ಆಗಾಗ ಸ್ಕ್ಯಾನ್ ಮಾಡಿಸುತ್ತ ಕಾದು ನೋಡುವುದುಂಟು. ಆದರೆ ಮುಂದೆ ಗರ್ಭ ಧರಿಸಬಹುದಾದ ಸ್ತ್ರೀಗೆ, ಉಬ್ಬು ಎಷ್ಟೇ ಚಿಕ್ಕದಿರಲಿ, ಚಿಕಿತ್ಸೆಯನ್ನೇ ಸೂಚಿಸಲಾಗುತ್ತದೆ. ತೊಡೆಸಂದಿನ ಅಥವಾ ಮಣಿಕಟ್ಟಿನ ನಾಳದ ಮೂಲಕ ಸಪುರ ಕೊಳವೆಯನ್ನು ತೂರಿಸಿ, ಲೋಹದ ಸೂಕ್ಷ್ಮ ಸುರುಳಿಗಳಿಂದ ಉಬ್ಬಿಗೆ ರಕ್ತ ಹರಿಯದಂತೆ ಮಾಡಬಹುದು. ಒಡೆದು ರಕ್ತಸ್ರಾವವಾಗುತ್ತಿದ್ದರೆ ಹಲವೊಮ್ಮೆ ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ ನಡೆಸಬೇಕಾಗುತ್ತದೆ.

ಸ್ಕ್ಯಾನಿಂಗಿನ ವರದಿಗಳು ಇಂಗ್ಲಿಷಿನಲ್ಲಿರುವುದರಿಂದ ಎಷ್ಟೋ ಮನೆಗಳಲ್ಲಿ ಅವನ್ನು ಓದಿ ಹೇಳುವವರು ಶಾಲೆಗೆ ಹೋಗುವ ಮಕ್ಕಳೇ. ಕಲ್ಲನ್ನೋ ಹುಣ್ಣನ್ನೋ ಹುಡುಕಲು ಮಾಡಿಸಿದ ವರದಿಯ ಮೂಲೆಯಲ್ಲಿ ಅನ್ಯೂರಿಸಂ ಎಂಬ ಪದ ಕಂಡರೆ, ನೋವಿಲ್ಲವೆಂದು ಅದನ್ನು ಕಪಾಟಿನಲ್ಲಿಡದೆ ರಕ್ತನಾಳ ತಜ್ಞರಿಗೆ ತೋರಿಸುವುದು ಲೇಸು.