ನೋವಿನ ಮಾತ್ರೆ: ತೌಬಾದ ಜೊತೆಗೆ ಚಿಕಿತ್ಸೆಯೂ ಬೇಕು

ಮಾದಕ ವಸ್ತು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮದ್ಯ, ಗಾಂಜಾ, ಅಫೀಮು. ವೈದ್ಯರ ಚೀಟಿ ಹಿಡಿದು ಔಷಧದ ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ಯಾರೂ ಆ ಸಾಲಿಗೆ ಸೇರಿಸುವುದಿಲ್ಲ. ಆದರೆ ಟ್ರಮಡಾಲ್, ಟಪೆಂಟಡಾಲ್, ಕೊಡೀನ್‌ನಂತಹ ಔಷಧಗಳು ದೇಹದೊಳಗೆ ಕೆಲಸ ಮಾಡುವುದು ಅಫೀಮಿನ ರೀತಿಯಲ್ಲೇ. ದಿಲ್ಲಿಯ ಏಮ್ಸ್ ನಡೆಸಿ, ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಅಫೀಮು ಸೇವಿಸುವವರು ಶೇ. 0.52ರಷ್ಟಿದ್ದರೆ ಇಂತಹ ಔಷಧಗಳನ್ನು ಅಮಲಿಗಾಗಿ ಬಳಸುವವರು ಶೇ. 0.96ರಷ್ಟಿದ್ದಾರೆ. ಹೆರಾಯಿನ್ ಸೇರಿದಂತೆ ಈ ವರ್ಗದ ವಸ್ತುಗಳಿಂದ ಬಿಡುಗಡೆ ಪಡೆಯಲು ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ.

ಕೋಲಾರ ಜಿಲ್ಲೆಯು ಮೈಮುರಿದು ದುಡಿಯುವವರ ಜಿಲ್ಲೆ. ಮಾಲೂರಿನ ಇಟ್ಟಿಗೆ ಗೂಡು, ಶ್ರೀನಿವಾಸಪುರದ ಮಾವಿನ ಮಂಡಿ, ಕೋಲಾರದ ಟೊಮೆಟೊ ಮಾರುಕಟ್ಟೆಯ ಹಮಾಲಿ, ಮುಳಬಾಗಿಲಿನ ಮೂಲಕ ಚೆನ್ನೈಗೆ ಸಾಗುವ ಹೆದ್ದಾರಿಯ ಲಾರಿ- ಇವೆಲ್ಲವೂ ಬೆನ್ನು, ಭುಜ, ಮಂಡಿಗಳನ್ನು ಸವೆಸುವ ಕಸುಬುಗಳು. ಸಾಲದ್ದಕ್ಕೆ, ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಮೂಳೆ-ಕೀಲುಗಳ ನೋವು ಕಂಡ ಊರುಗಳು ಈ ಜಿಲ್ಲೆಯಲ್ಲಿವೆ. ನೋವು ಸುಳ್ಳಲ್ಲ, ಔಷಧವೂ ಶತ್ರುವಲ್ಲ. ಶಸ್ತ್ರಚಿಕಿತ್ಸೆಯ ಬಳಿಕ, ಕ್ಯಾನ್ಸರಿನ ನೋವಿನಲ್ಲಿ ಅದು ಅಲ್ಲಾಹನ ಅನುಗ್ರಹವೇ ಸರಿ. ಚೀಟಿಯ ಅವಧಿ ಮುಗಿದ ಮೇಲೂ ಮಾತ್ರೆ ಮುಂದುವರಿದಾಗ, ಒಂದು ಸಾಲದೆ ನಾಲ್ಕಾದಾಗ ಅನುಗ್ರಹವು ಸಂಕೋಲೆಯಾಗುತ್ತದೆ.

ಇಲ್ಲಿ ಸಮುದಾಯವು ಅರಿಯಬೇಕಾದ ಮುಖ್ಯ ಸಂಗತಿಯೊಂದಿದೆ. ವಾರ-ತಿಂಗಳುಗಟ್ಟಲೆ ಈ ಮಾತ್ರೆ ಸೇವಿಸಿದ ದೇಹವು ಅದಕ್ಕೆ ಒಗ್ಗಿಕೊಳ್ಳುತ್ತದೆ. ವೈದ್ಯರು ಹೇಳಿದಷ್ಟೇ ನುಂಗಿದ ವೃದ್ಧ ತಾಯಿಗೂ ಹೀಗಾಗಬಹುದು, ಅಮಲಿಗಾಗಿ ನುಂಗಿದ ಯುವಕನಿಗೂ ಹೀಗಾಗಬಹುದು. ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಒಂದು ದಿನದೊಳಗಾಗಿಯೇ ಬಾಧೆ ಶುರುವಾಗುತ್ತದೆ. ಮೂಗು-ಕಣ್ಣುಗಳಲ್ಲಿ ನೀರು, ಬಿಡದ ಆಕಳಿಕೆ, ಬೆವರು, ಮೈಕೈ ಮುರಿತ, ವಾಂತಿ, ಭೇದಿ, ನಿದ್ರೆಯಿಲ್ಲದ ರಾತ್ರಿ. ಎರಡು-ಮೂರನೆಯ ದಿನ ಇದು ತಾರಕಕ್ಕೇರಿ, ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ವೈದ್ಯರು ಇದನ್ನು ವಿತ್‌ಡ್ರಾವಲ್ ಎನ್ನುತ್ತಾರೆ. ಟ್ರಮಡಾಲ್ ನಿಲ್ಲಿಸಿದವರಲ್ಲಿ ಕೆಲವರಿಗೆ ವಿಪರೀತ ಭಯ, ಗೊಂದಲ, ಇಲ್ಲದ್ದು ಕಾಣಿಸುವ ಭ್ರಮೆಯೂ ಉಂಟಾಗುತ್ತದೆ. ಮನೆಯವರು ಅದನ್ನು ಜಿನ್ನಿನ ಕಾಟವೆಂದು ಭಾವಿಸಿ ತಾಯಿತದ ಬೆನ್ನು ಹತ್ತಿದರೆ, ಚಿಕಿತ್ಸೆಯ ಅಮೂಲ್ಯ ದಿನಗಳು ಕಳೆದುಹೋಗುತ್ತವೆ.

ಮಗ ದಾರಿ ತಪ್ಪಿದನೆಂದು ತಿಳಿದ ಕೂಡಲೇ ಕುಟುಂಬಗಳು ಮಾಡುವುದೇನು? ಮಸೀದಿಗೋ ದರ್ಗಾಕ್ಕೋ ಕರೆದೊಯ್ದು ಪ್ರಮಾಣ ಮಾಡಿಸುವುದು, ಕೋಣೆಯಲ್ಲಿ ಕೂಡಿ ಬೀಗ ಹಾಕುವುದು, ಇಲ್ಲವೇ ಮದುವೆ ಮಾಡಿಬಿಡುವುದು! ಉದ್ದೇಶ ಒಳ್ಳೆಯದೇ. ಆದರೆ ಬೀಗ ಹಾಕಿದ ಕೋಣೆಯಲ್ಲಿ ವಾಂತಿ-ಭೇದಿಯಿಂದ ದೇಹದ ನೀರು ಬತ್ತಿದರೆ ನೋಡುವವರು ಯಾರು? ಗರ್ಭಿಣಿಯು ಒಮ್ಮೆಲೇ ಮಾತ್ರೆ ಬಿಟ್ಟರೆ ಹೊಟ್ಟೆಯಲ್ಲಿರುವ ಮಗುವಿಗೇ ಅಪಾಯ. ಜೊತೆಯಲ್ಲಿ ಆಲ್ಪ್ರಜೋಲಮ್‌ನಂತಹ ನಿದ್ರೆಯ ಮಾತ್ರೆಯನ್ನೋ ಮದ್ಯವನ್ನೋ ದಿನವೂ ಸೇವಿಸುತ್ತಿದ್ದವರು ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಇದಕ್ಕಿಂತಲೂ ದೊಡ್ಡ ಅಪಾಯ ಆ ಬಳಿಕ ಕಾದಿರುತ್ತದೆ. ಕೆಲವು ವಾರ ಬಿಟ್ಟಿದ್ದ ದೇಹವು ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಪ್ರಮಾಣ ಮುರಿದವನು ಹಿಂದಿನಷ್ಟೇ ಮಾತ್ರೆ ನುಂಗಿದರೆ ಉಸಿರೇ ನಿಂತುಬಿಡಬಹುದು.

ಹಾಗಾದರೆ ಸುರಕ್ಷಿತ ದಾರಿ ಯಾವುದು? ಮೊದಲು, ಏನನ್ನು, ಎಷ್ಟು, ಎಷ್ಟು ಕಾಲದಿಂದ ಸೇವಿಸಲಾಗುತ್ತಿದೆ ಎಂಬುದನ್ನು ವೈದ್ಯರ ಮುಂದೆ ಮುಚ್ಚಿಡದೆ ಹೇಳಬೇಕು. ವೈದ್ಯರು ಪ್ರಮಾಣವನ್ನು ಹಂತ ಹಂತವಾಗಿ ಇಳಿಸುತ್ತಾರೆ. ವರ್ಷಕ್ಕಿಂತ ಹೆಚ್ಚು ಕಾಲ ನೋವಿಗಾಗಿ ಸೇವಿಸಿದವರಿಗೆ ತಿಂಗಳಿಗೆ ಹತ್ತನೇ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕಿಂತಲೂ ನಿಧಾನವಾಗಿ ಇಳಿಸುವುದುಂಟು. ಬಾಧೆ ತಗ್ಗಿಸಲು ಕ್ಲೊನಿಡಿನ್, ಚಟ ಆಳವಾಗಿ ಬೇರೂರಿದ್ದರೆ ಬ್ಯುಪ್ರೆನಾರ್ಫಿನ್ ನೀಡುತ್ತಾರೆ. ಮೂಲದ ನೋವಿಗೂ ಬೇರೆ ಚಿಕಿತ್ಸೆ ಬೇಕು, ಇಲ್ಲವಾದರೆ ನೋವೇ ಅವನನ್ನು ಮತ್ತೆ ಅಂಗಡಿಯ ಬಾಗಿಲಿಗೆ ಎಳೆದೊಯ್ಯುತ್ತದೆ.

'ಒಂದು ಅಮಲನ್ನು ಬಿಡಲು ಇನ್ನೊಂದು ಔಷಧವೇ? ಇದು ಹರಾಮ್ ಅಲ್ಲವೇ?' ಎಂದು ಪ್ರಾಮಾಣಿಕವಾಗಿ ಕೇಳುವವರಿದ್ದಾರೆ. ಅಮಲು ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅನಿವಾರ್ಯತೆಯು ನಿಷಿದ್ಧವನ್ನು ಅಗತ್ಯದ ಮಿತಿಯೊಳಗೆ ಸಮ್ಮತಗೊಳಿಸುತ್ತದೆ ಎಂಬುದು ಮದ್ರಸದ ವಿದ್ಯಾರ್ಥಿಗೂ ತಿಳಿದಿರುವ ಫಿಕ್ಹ್‌ನ ನಿಯಮ. ಮದ್ಯದಲ್ಲಿ ಮುಳುಗಿದ್ದ ಸಮಾಜಕ್ಕೆ ಪವಿತ್ರ ಕುರ್‌ಆನ್ ಅದನ್ನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಮೊದಲು ಅದರ ಕೇಡು ಲಾಭಕ್ಕಿಂತ ದೊಡ್ಡದೆಂದು ತಿಳಿಸಿತು, ಬಳಿಕ ಅಮಲಿನಲ್ಲಿ ನಮಾಝ್‌ನ ಬಳಿ ಸುಳಿಯದಂತೆ ತಡೆಯಿತು, ಕೊನೆಗೆ ಪೂರ್ಣವಾಗಿ ನಿಷೇಧಿಸಿತು. ಇದು ಇಂದಿನ ಮದ್ಯಪಾನಿಗೆ ರಿಯಾಯಿತಿ ಖಂಡಿತ ಅಲ್ಲ. ಆದರೆ ಮನುಷ್ಯನ ಸ್ವಭಾವವನ್ನು ಬಲ್ಲ ಸೃಷ್ಟಿಕರ್ತನು ಅವನನ್ನು ಹೇಗೆ ನಡೆಸಿದನೆಂಬ ಪಾಠ ಅದರಲ್ಲಿದೆ.

ರಮಝಾನ್‌ನಲ್ಲಿ ಅನೇಕರು ಚಟ ಬಿಡುವ ಸಂಕಲ್ಪ ಮಾಡುತ್ತಾರೆ. ಸಂಕಲ್ಪ ಶ್ಲಾಘನೀಯ. ಆದರೆ ವಾಂತಿ-ಭೇದಿಯ ಬಾಧೆಯಲ್ಲಿರುವವನು ರೋಗಿ. ರೋಗಿಗೆ ಉಪವಾಸವನ್ನು ಮುಂದೂಡುವ ಅನುಮತಿಯನ್ನು ಅಲ್ಲಾಹನೇ ಕೊಟ್ಟಿರುವಾಗ, ಅವನನ್ನು ನಾಚಿಸಿ ನೀರಿಲ್ಲದೆ ಕೂರಿಸುವ ಅಧಿಕಾರ ನಮಗಿಲ್ಲ. ವೈದ್ಯರೊಂದಿಗೆ ಮೊದಲೇ ಸಮಾಲೋಚಿಸಿ, ರಮಝಾನ್‌ಗೆ ಮುಂಚಿತವಾಗಿಯೇ ಚಿಕಿತ್ಸೆ ಆರಂಭಿಸುವುದು ವಿವೇಕ.

ಇನ್ನು ಸರಕಾರದ ಹೊಣೆ. 2018ರ ಏಪ್ರಿಲ್‌ನಲ್ಲಿ ಟ್ರಮಡಾಲನ್ನು ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಭಾರತದಲ್ಲಿ ತಯಾರಾದ ಟಪೆಂಟಡಾಲ್-ಕ್ಯಾರಿಸೊಪ್ರೊಡಾಲ್ ಮಿಶ್ರಣವು ಪಶ್ಚಿಮ ಆಫ್ರಿಕಾದ ಯುವಕರನ್ನು ಕೆಡಿಸುತ್ತಿರುವುದನ್ನು ಬಿಬಿಸಿ ಬಯಲಿಗೆಳೆದ ಬಳಿಕ, 2025ರ ಫೆಬ್ರವರಿಯಲ್ಲಿ ಅದರ ತಯಾರಿಕೆ ಮತ್ತು ರಫ್ತಿಗೆ ಕೇಂದ್ರವು ತಡೆಯೊಡ್ಡಿತು. ಪೂರೈಕೆಯನ್ನು ತಡೆಯುವುದು ಸರಿಯೇ. ಆದರೆ ಮಾತ್ರೆ ಸಿಗದೆ ನರಳುವವನಿಗೆ ಹಾಸಿಗೆ ಎಲ್ಲಿದೆ? ಮಂಗಳವಾರದಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ತಲುಪಿಸುವುದು ರಾಜ್ಯದ ಮನೋಚೈತನ್ಯ ಕಾರ್ಯಕ್ರಮದ ಉದ್ದೇಶ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಆ ದಿನವೇ ವ್ಯಸನ ಚಿಕಿತ್ಸೆಯೂ ಔಷಧವೂ ದೊರೆಯಬೇಕೆಂದು ನಮ್ಮ ಜನಪ್ರತಿನಿಧಿಗಳನ್ನು ಒತ್ತಾಯಿಸಬೇಕಾಗಿದೆ. ದಿನಗೂಲಿಯವನು ಪ್ರತಿ ಬಾರಿಯೂ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿಬರಲಾರ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರೂ ಇದ್ದಾರೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸ್ವಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರ್ಣಗೊಳಿಸಿದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ವ್ಯಸನಮುಕ್ತಿ ಕೇಂದ್ರವೆಂಬ ಫಲಕ ನೋಡಿದೊಡನೆ ಮಗನನ್ನು ಒಪ್ಪಿಸಿ ಬರುವ ಮುನ್ನ, ಅಲ್ಲಿ ವೈದ್ಯರಿದ್ದಾರೆಯೇ, ನೋಂದಣಿಯಾಗಿದೆಯೇ ಎಂದು ವಿಚಾರಿಸಬೇಕು. 14446 ಮತ್ತು ಟೆಲಿ ಮಾನಸ್‌ನ 14416- ಈ ಎರಡು ಉಚಿತ ದೂರವಾಣಿ ಸಂಖ್ಯೆಗಳನ್ನು ಪ್ರತಿ ಮಸೀದಿಯ ಸೂಚನಾ ಫಲಕದಲ್ಲಿ ಬರೆದು ಹಾಕಲು ಜಮಾಅತ್‌ಗಳಿಗೆ ಎಷ್ಟು ಖರ್ಚಾದೀತು?

ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯನ್ನು ಒಬ್ಬರು ಶಪಿಸಿದಾಗ, ಪ್ರವಾದಿವರ್ಯರು(ಸ) ಅವರನ್ನು ತಡೆದು, ಆತನ ಎದೆಯಲ್ಲಿ ಅಲ್ಲಾಹ್ ಮತ್ತು ಆತನ ಸಂದೇಶವಾಹಕರ ಮೇಲಿನ ಪ್ರೀತಿಯಿದೆ ಎಂದು ಸಾರಿದರು. ಎಡವಿದವನನ್ನು ಸಮುದಾಯದಿಂದ ಹೊರಹಾಕುವುದು ಸುಲಭ, ಅವನ ಕೈ ಹಿಡಿದು ವೈದ್ಯರ ಬಾಗಿಲಿಗೆ ನಡೆಸುವುದು ಕಷ್ಟ. ಸುನ್ನತ್ ಇರುವುದು ಆ ಕಷ್ಟದ ದಾರಿಯಲ್ಲಿ. ತೌಬಾದ ಬಾಗಿಲು ಸದಾ ತೆರೆದಿದೆ. ಅದರ ಪಕ್ಕದಲ್ಲಿ ಆಸ್ಪತ್ರೆಯ ಬಾಗಿಲನ್ನೂ ತೆರೆದಿಡುವುದು ನಮ್ಮೆಲ್ಲರ ಹೊಣೆ.