ನರ್ಸ್‌ಗಳ ಸಂಬಳ: ಸಮಿತಿ ಹೇಳಿದ್ದೆಷ್ಟು, ಕೈಗೆ ಬರುವುದೆಷ್ಟು?

ದೇವರಮನೆ: ನಮ್ಮ ಕಡೆ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಮೊದಲು ಮೂಡಿಗೆರೆ, ಅಲ್ಲಿ ಆಗದಿದ್ದರೆ ಚಿಕ್ಕಮಗಳೂರು ಅಥವಾ ಹಾಸನ, ಇಲ್ಲವೇ ಚಾರ್ಮಾಡಿ ಘಾಟಿ ಇಳಿದು ಮಂಗಳೂರು. ಎಲ್ಲಿಗೆ ಹೋದರೂ ಬೆಳಗಿನವರೆಗೆ ರೋಗಿಯನ್ನು ನೋಡಿಕೊಳ್ಳುವವರು ನರ್ಸ್‌ಗಳೇ. ಅವರ ಸಂಬಳ ಎಷ್ಟೆಂದು ನಾವು ಕೇಳುವುದು ಅಪರೂಪ.

ಸರ್ಕಾರದ ಕಾಯಂ ಶುಶ್ರೂಷಾಧಿಕಾರಿಗಳಿಗೆ ವೇತನ ಆಯೋಗದ ಆಸರೆ ಇದೆ. ಕೇಂದ್ರದ ಆಸ್ಪತ್ರೆಗಳಲ್ಲಿ ಆರಂಭದ ಮೂಲವೇತನವೇ 44,900 ರೂ. ರಾಜ್ಯದಲ್ಲಿಯೂ 2024ರ ಆಗಸ್ಟ್ 1ರಿಂದ ಹೊಸ ಶ್ರೇಣಿ ಬಂದಿದೆ. ಅದೇ ವಾರ್ಡಿನಲ್ಲಿ ಅದೇ ಪಾಳಿ ಮಾಡುವ ಗುತ್ತಿಗೆ ನರ್ಸ್‌ಗೆ ಇದು ಅನ್ವಯಿಸದು.

ಖಾಸಗಿಯವರದು ಬೇರೆ ಕಥೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿ ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು, 50ರಿಂದ 100ಕ್ಕೆ ಶೇ. 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು, 50ಕ್ಕೂ ಕಡಿಮೆಯಿದ್ದರೆ ಕನಿಷ್ಠ 20,000 ರೂ. ಎಂದು ಸಮಿತಿ ಹೇಳಿತು. ಮಲೆನಾಡಿನ ಖಾಸಗಿ ಆಸ್ಪತ್ರೆಗಳು ಬಹುಪಾಲು ಈ ಕೊನೆಯ ಸಾಲಿನವು. ಅಂಗಡಿಯವನಾದ ನನಗೆ ಭಾಗಿಸಿ ನೋಡುವ ಚಾಳಿ: 26 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 770 ರೂ. ಅದೂ 2016ರ ಬೆಲೆಯಲ್ಲಿ.

ಆದರೆ ಅದು ಶಿಫಾರಸು, ಕಾನೂನಲ್ಲ. ಕೇರಳ 2018ರಲ್ಲಿ, ನರ್ಸ್‌ಗಳ ಹೋರಾಟದ ನಂತರ, ಕನಿಷ್ಠ ವೇತನ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿ 20,000 ರೂ. ಗೊತ್ತುಮಾಡಿತು. ಮಾಲೀಕರನ್ನು ಕೇಳಲು ಅಲ್ಲಿನ ನರ್ಸ್ ಕೈಯಲ್ಲಿ ಒಂದು ಕಾಗದವಾದರೂ ಇದೆ.

ನಮ್ಮ ರಾಜ್ಯದಲ್ಲಿ ನರ್ಸಿಂಗ್ ಕಾಲೇಜುಗಳು ಬಹಳ. ಹೊಸಬರು ವರ್ಷವೂ ಸಿಗುವುದರಿಂದ ಆರಂಭದ ಸಂಬಳ ಏರುವುದಿಲ್ಲ. ಐಸಿಯು, ಡಯಾಲಿಸಿಸ್ ಕೆಲಸ ಕಲಿತವರು ಎರಡು ವರ್ಷದಲ್ಲಿ ಬೆಂಗಳೂರಿಗೋ ಗಲ್ಫ್‌ಗೋ ಹೋಗುತ್ತಾರೆ. ಅವರನ್ನು ದೂರುವಂತಿಲ್ಲ. ನಮ್ಮೂರ ರೋಗಿಗೆ ಮಾತ್ರ ಯಾವಾಗಲೂ ಕಲಿಯುತ್ತಿರುವ ಕೈ.

ಹಿಂದೊಮ್ಮೆ ಒಂದು ಆಸ್ಪತ್ರೆಗೆ ದಾನ ಎತ್ತಲು ಓಡಾಡಿದ್ದೆ. ಮಂಚಕ್ಕೆ, ಯಂತ್ರಕ್ಕೆ ಹಿರಿಯರ ಹೆಸರು ಬರೆಸಿ ಕೊಡುವವರು ಬೇಗ ಸಿಕ್ಕರು. ನರ್ಸ್‌ಗಳ ಸಂಬಳಕ್ಕೊಂದು ನಿಧಿ ಇಡೋಣ ಎಂದಾಗ, "ಅದು ಆಸ್ಪತ್ರೆಯವರ ಖರ್ಚಲ್ಲವೇ ಅಣ್ಣಾ?" ಎಂದರು. ನಾನೂ ಮತ್ತೆ ಒತ್ತಾಯಿಸಲಿಲ್ಲ, ಅದು ನನ್ನ ತಪ್ಪು.

ಮಗಳನ್ನೋ ಮಗನನ್ನೋ ಈ ಕೆಲಸಕ್ಕೆ ಸೇರಿಸುವವರು ಸಂಬಳ, ಪಾಳಿ, ಪಿಎಫ್ ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ಸಂಬಳ 21,000 ರೂ. ಒಳಗಿದ್ದರೆ ಇಎಸ್‌ಐ ಇದೆಯೇ ಎಂದೂ ಕೇಳಿ. ಮೂಲ ಅಂಕಪಟ್ಟಿಯನ್ನು ಮಾತ್ರ ಆಸ್ಪತ್ರೆಯಲ್ಲಿ ಬಿಟ್ಟು ಬರಬೇಡಿ.